ತೋಟದ ಕೆಲಸಕ್ಕೆ ಮಡಚದ ಚಾಕು: ಹೋಲಿಸುವಾಗ ಏನನ್ನು ನೋಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಸಕಲೇಶಪುರದ ಬಳಿ ಕಾಫಿ ತೋಟ ನೋಡಿಕೊಳ್ಳಲು ಹೊಸದಾಗಿ ಬಂದಿರುವ ನಿಮಗೆ ಸದಾ ಸೊಂಟದಲ್ಲಿರುವಂಥ ಒಂದು ಫಿಕ್ಸೆಡ್ ಬ್ಲೇಡ್ ಚಾಕು, ಅಂದರೆ ಮಡಚದ ಚಾಕು ಬೇಕು. ಸುಮಾರು 5 ಮಿಲಿಮೀಟರ್ ದಪ್ಪದ ವಿದೇಶಿ 'ಸರ್ವೈವಲ್' ಮಾದರಿ, ಸ್ವೀಡನ್ನಿನ ಮೋರಾ, ಇಲ್ಲವೇ ಊರಿನ ಕಮ್ಮಾರರ ಬಳಿ ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಮಾಡಿಸಿದ್ದು, ಈ ಮೂರರಲ್ಲಿ ಯಾವುದು ಮೇಲು ಎಂದು ಕೇಳಿದ್ದೀರಿ. ನಾನು ಮೂಡಿಗೆರೆಯ ಕಡೆಯವನು. ಮೂರು ಬಗೆಯನ್ನೂ ತೋಟದಲ್ಲಿ ಬಳಸಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಚಾಕುವಿನ ಗುಣ ನಿರ್ಧಾರವಾಗುವುದು ಅದರ ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಹಿಂದೆ ಲೋಹ ಎಷ್ಟು ತೆಳುವಾಗಿದೆ ಮತ್ತು ಅದಕ್ಕೆ ಹದ ಹೇಗೆ ಹಾಕಿದ್ದಾರೆ, ಅಂದರೆ ಕಾಸಿ ತಣಿಸಿ ಹೇಗೆ ಗಡಸು ಮಾಡಿದ್ದಾರೆ ಎಂಬುದರಿಂದ. ಬೆನ್ನಿನ (ಬಾಯಿಗೆ ಎದುರಿನ ಅಂಚಿನ) ದಪ್ಪ ಮತ್ತು ಉಕ್ಕಿನ ಹೆಸರು ಇವೆರಡರ ನಂತರ ಬರುವ ಸಂಗತಿಗಳು.

ದಪ್ಪದ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಜನ ಹೆಚ್ಚು ಮರುಳಾಗುವುದು ಅಲ್ಲಿಯೇ. ಅಮೆರಿಕದ ಈಎಸ್‌ಇಇ-4 ಎಂಬ ಚಾಕುವಿನ ಬೆನ್ನು ಸುಮಾರು 4.8 ಮಿಲಿಮೀಟರ್ ಇದೆ. ಉಕ್ಕು 1095, ಅಂದರೆ ಶೇಕಡ 0.95ರಷ್ಟು ಇಂಗಾಲ ಇರುವಂಥದ್ದು. ಅದು ಕೆಟ್ಟ ಚಾಕು ಅಲ್ಲವೇ ಅಲ್ಲ. ಆದರೆ ಕಾಡಿನಲ್ಲಿ ಕೈಯಲ್ಲಿ ಬೇರೆ ಯಾವ ಹತ್ಯಾರವೂ ಇಲ್ಲದವನು ಅದರ ಬೆನ್ನಿಗೆ ಕೊರಡಿನಿಂದ ಹೊಡೆದು ಸೌದೆ ಸೀಳಬೇಕಾಗಬಹುದು ಎಂಬ ಲೆಕ್ಕದಲ್ಲಿ ಅದನ್ನು ರೂಪಿಸಿದ್ದಾರೆ. ನಮ್ಮ ತೋಟಗಳಲ್ಲಿ ಆ ಪ್ರಸಂಗವೇ ಬರುವುದಿಲ್ಲ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಕತ್ತಿ ಇದೆ, ಸೌದೆಗೆ ಕೊಡಲಿ ಇದೆ, ಕಾಫಿ ಗಿಡದ ಕಸಿಗೆ, ಅಂದರೆ ರೆಂಬೆ ಸವರಲು, ಕತ್ತರಿ ಇದೆ. ಸೊಂಟದ ಚಾಕುವಿಗೆ ಉಳಿಯುವುದು ಗೊಬ್ಬರದ ಚೀಲ ಬಿಚ್ಚುವುದು, ನೈಲಾನ್ ಹಗ್ಗ ಮತ್ತು ಡ್ರಿಪ್ ಪೈಪು ಕೊಯ್ಯುವುದು, ಮೆಣಸಿನ ಬಳ್ಳಿಯ ಕಟ್ಟು ಬಿಡಿಸುವುದು, ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಏಳುವ ಎಳೆಯ ಕಂಬಚಿಗುರು ತೆಗೆಯುವುದು, ಗೂಟದ ತುದಿ ಚೂಪು ಮಾಡುವುದು, ಮಧ್ಯಾಹ್ನ ಒಂದು ಹಣ್ಣು ಹೆಚ್ಚುವುದು. ಈ ಯಾವ ಕೆಲಸಕ್ಕೂ 5 ಮಿಲಿಮೀಟರ್ ಬೆನ್ನು ಬೇಡ. ಅಷ್ಟು ದಪ್ಪದ ಅಲಗು ಗಟ್ಟಿ ವಸ್ತುವಿನೊಳಗೆ ಇಳಿಯುವಾಗ ಕೊಯ್ಯುವುದಕ್ಕಿಂತ ಹೆಚ್ಚಾಗಿ ಬೆಣೆಯಂತೆ ಸೀಳುತ್ತದೆ. ಕಾಯಿಯೋ ಪೈಪೋ ಒಡೆಯುತ್ತದೆ.

ಬೆನ್ನಿಗಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ಬಾಯಿಯಿಂದ ಒಂದು ಮಿಲಿಮೀಟರಿನಷ್ಟು ಮೇಲೆ ಅಲಗಿನ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ನೋಡಿ. ಅಲ್ಲಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿದ್ದರೆ ಚಾಕು ಸಲೀಸಾಗಿ ಕೊಯ್ಯುತ್ತದೆ. ಒಂದು ಮಿಲಿಮೀಟರ್ ದಾಟಿದ್ದರೆ ಎಷ್ಟೇ ಮಸೆದರೂ ಕಾಗದ ಕೊಯ್ದು ತೋರಿಸುತ್ತದೆಯೇ ಹೊರತು ಹಲಸಿನ ತೊಳೆಯ ಸುತ್ತ ನಯವಾಗಿ ಓಡುವುದಿಲ್ಲ. ಒಂದೇ ಉಕ್ಕಿನ, ಒಂದೇ ಉದ್ದದ ಎರಡು ಚಾಕುಗಳು ಕೈಗೆ ಬೇರೆಬೇರೆಯಾಗಿ ಅನಿಸುವುದಕ್ಕೆ ಬಹುಪಾಲು ಕಾರಣ ಇದು. ಜಾಹೀರಾತುಗಳು ಸಾಮಾನ್ಯವಾಗಿ ಈ ಅಂಕಿಯನ್ನು ಹೇಳುವುದಿಲ್ಲ ಎಂಬುದು ಬೇರೆ ಮಾತು.

ಮೋರಾದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಸ್ವೀಡನ್ನಿನ ಮೋರಾ ಪಟ್ಟಣದ ಈ ಕಂಪನಿಯ ಮೂಲ 1891ಕ್ಕೆ ಹೋಗುತ್ತದೆ. ಅವರ ಕಂಪ್ಯಾನಿಯನ್ ಮಾದರಿಯ ಅಲಗು ಹತ್ತು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು ಉದ್ದ, ಸ್ಟೇನ್‌ಲೆಸ್ ಆವೃತ್ತಿಯ ಬೆನ್ನು 2.5 ಮಿಲಿಮೀಟರ್. ಅಲಗಿನ ಎರಡೂ ಬದಿಯಲ್ಲಿ ಅಗಲವಾದ ಒಂದೇ ಇಳಿಜಾರು ಇರುವುದರಿಂದ ಆ ಇಳಿಜಾರನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿ ಕೂರಿಸಿದರೆ ಕೋನ ತಾನಾಗಿ ಸಿಗುತ್ತದೆ; ಮಸೆಯಲು ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಸುಲಭದ ವಿನ್ಯಾಸ ನನಗೆ ಗೊತ್ತಿಲ್ಲ. ಅದರ ಕೊರತೆ ಎಂದರೆ ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಹೋಗುವ ಉಕ್ಕು, ಹಿಡಿಯ ತುದಿಯವರೆಗೆ ಹೋಗುವುದಿಲ್ಲ. ಬಾಲ ಪೂರ್ತಿಯಾಗಿರಲೇಬೇಕು ಎನ್ನುವವರಿಗೆ ಅದೇ ಕಂಪನಿಯ ಗಾರ್ಬರ್ಗ್ ಇದೆ, 3.2 ಮಿಲಿಮೀಟರ್ ದಪ್ಪ, 14ಸಿ28ಎನ್ ಸ್ಟೇನ್‌ಲೆಸ್, ಬೆಲೆ ಮಾತ್ರ ಹಲವು ಪಟ್ಟು.

ಪೂರ್ತಿ ಬಾಲದ ಬಗ್ಗೆ ಇರುವ ಭಕ್ತಿ ಸ್ವಲ್ಪ ಅತಿಯಾಯಿತು ಎಂದು ನನಗೆ ಅನಿಸುತ್ತದೆ. ಚಾಕು ಮುರಿಯುವುದಾದರೆ ಸಾಮಾನ್ಯವಾಗಿ ಅಲಗು ಬಾಲವಾಗಿ ಕಿರಿದಾಗುವ ಹೆಗಲಿನಲ್ಲಿ ಮುರಿಯುತ್ತದೆ, ಅದರಲ್ಲೂ ಆ ಮೂಲೆಯನ್ನು ದುಂಡಾಗಿಸದೆ ಚೌಕವಾಗಿ ಕತ್ತರಿಸಿದ್ದರೆ ಒತ್ತಡವೆಲ್ಲ ಅಲ್ಲಿಯೇ ಸೇರುತ್ತದೆ. ಮೂಲೆ ದುಂಡಗಿದ್ದು ಬಾಲ ತಕ್ಕಷ್ಟು ಅಗಲವಿದ್ದರೆ ಬಾಲ ಹಿಡಿಯೊಳಗೆ ಮುಚ್ಚಿಹೋದ ಚಾಕುವೂ ತೋಟದ ಕೆಲಸಕ್ಕೆ ಸಾಕಷ್ಟು ಬಲವಾಗಿರುತ್ತದೆ.

ಇನ್ನು ಊರಿನ ಕುಲುಮೆಯ ವಿಷಯ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಲಾರಿಯ ಸ್ಪ್ರಿಂಗ್ ಪ್ಲೇಟುಗಳು ನಮ್ಮಲ್ಲಿ ಹೆಚ್ಚಾಗಿ ಇಎನ್45 ಅಥವಾ ಎಸ್‌ಯುಪಿ9 ದರ್ಜೆಯ ಉಕ್ಕಿನವು. ಇಂಗಾಲ ಶೇಕಡ 0.55ರ ಆಸುಪಾಸು. ಈ ಉಕ್ಕಿನ ಗುಣ ಗಡಸುತನಕ್ಕಿಂತ ಹೆಚ್ಚಾಗಿ ತಾಳಿಕೆ. ಆದ್ದರಿಂದಲೇ ಮರಗಸಿಯ ಕತ್ತಿಗೆ ಅದು ಹೇಳಿ ಮಾಡಿಸಿದಂತಿದೆ: ಗಂಟಿಗೆ ಬಡಿದರೂ ಬಾಯಿ ಚಕ್ಕೆ ಏಳುವುದಿಲ್ಲ. ಸಣ್ಣ ಚಾಕುವಿಗೆ ಬೇಕಾದದ್ದು ಹರಿತ ಹೆಚ್ಚು ಕಾಲ ನಿಲ್ಲುವುದು. ಅದಕ್ಕೆ ಹಳೆಯ ಬೇರಿಂಗಿನ ಹೊರಬಳೆಯೋ, ಒಳ್ಳೆಯ ತಯಾರಿಕೆಯ ಹಳೆಯ ಅರವೋ ಮೇಲು, ಏಕೆಂದರೆ ಇವುಗಳಲ್ಲಿ ಇಂಗಾಲ ಶೇಕಡ ಒಂದರ ಸುತ್ತ ಅಥವಾ ಅದಕ್ಕಿಂತ ಹೆಚ್ಚು ಇರುತ್ತದೆ. ಪ್ಲೇಟನ್ನೇ ಬಳಸುವುದಾದರೆ ಬಹಳ ವರ್ಷ ಓಡಿದ ಲಾರಿಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು ಎಂಬುದು ನೆನಪಿರಲಿ.

ಉಕ್ಕಿಗಿಂತ ಹೆಚ್ಚು ವಿಚಾರಿಸಬೇಕಾದದ್ದು ಹದವನ್ನು. ಪ್ಲೇಟನ್ನು ಬರೀ ಗ್ರೈಂಡರಿನಲ್ಲಿ ಕತ್ತರಿಸಿ ಆಕಾರ ಕೊಟ್ಟರೆ ಅದು ಸ್ಪ್ರಿಂಗಿನ ಗಡಸುತನದಲ್ಲಿಯೇ ಉಳಿಯುತ್ತದೆ. ಚಾಕುವಿಗೆ ಅದು ಮೆದು. ಕಾಸಿ ಬಡಿದು ಹಾಗೆಯೇ ಆರಲು ಬಿಟ್ಟರೆ ಇನ್ನೂ ಮೆದು. ಸರಿಯಾದ ಕ್ರಮದಲ್ಲಿ ಅಲಗನ್ನು ಅಯಸ್ಕಾಂತಕ್ಕೆ ಅಂಟದಷ್ಟು, ಅಂದರೆ ಸುಮಾರು 770 ಡಿಗ್ರಿ ದಾಟುವಂತೆ ಕಾಸಿ, ಅದಕ್ಕಿಂತ ತುಸು ಹೆಚ್ಚು ಕೆಂಪಾದಾಗ ಎಣ್ಣೆಯಲ್ಲಿ ಅದ್ದಬೇಕು. ಆಗ ಅದು ಗಾಜಿನಷ್ಟು ಪೆಡಸಾಗುವುದರಿಂದ ಮತ್ತೆ ಹದವಾಗಿ ಬಿಸಿ ಮಾಡಿ ಪೆಡಸು ಕಳೆಯಬೇಕು. ಹಳೆಯ ಕೈಗಳು ಇದನ್ನು ಥರ್ಮಾಮೀಟರ್ ಇಲ್ಲದೆ ಮಾಡುತ್ತವೆ: ಬಾಯಿಯನ್ನಷ್ಟೇ ಅದ್ದಿ ತೆಗೆದು, ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ಹರಿಯುವಾಗ ಏಳುವ ಬಣ್ಣಗಳನ್ನು ನೋಡುತ್ತಾರೆ. ಮೊದಲು ಒಣಹುಲ್ಲಿನ ಬಣ್ಣ, ನಂತರ ಕಂದು, ನಂತರ ನೇರಳೆ, ಕೊನೆಗೆ 300 ಡಿಗ್ರಿಯ ಹೊತ್ತಿಗೆ ನೀಲಿ. ಚಾಕುವಿನ ಬಾಯಿಯಲ್ಲಿ ಹುಲ್ಲಿನ ಬಣ್ಣ ಕಂಡಾಗ ತಣಿಸಬೇಕು. ನೀಲಿಯವರೆಗೆ ಬಿಟ್ಟರೆ ಅದು ಸ್ಪ್ರಿಂಗಿನ ಹದ. ಈ ಬಣ್ಣಗಳ ಬಗ್ಗೆ ನೀವು ಕೇಳಿದಾಗ ಕಮ್ಮಾರರ ಮುಖ ಅರಳಿತೆಂದರೆ ಧೈರ್ಯವಾಗಿ ಮುಂಗಡ ಕೊಡಬಹುದು. ಅಂಥವರು ಕಡಿಮೆಯಾಗುತ್ತಿದ್ದಾರೆ, ಆದರೆ ಇಲ್ಲದೆ ಇಲ್ಲ.

ಕೈಗೆ ಬಂದ ಚಾಕುವನ್ನು, ಅದು ಕುಲುಮೆಯದಾಗಲಿ ಕಾರ್ಖಾನೆಯದಾಗಲಿ, ಪರೀಕ್ಷಿಸಲು ಯಂತ್ರ ಬೇಕಿಲ್ಲ. ಹೊಸ ಅರವನ್ನು ಬಾಯಿಯ ಹತ್ತಿರ ಹಗುರವಾಗಿ ಎಳೆಯಿರಿ. ಬೆಣ್ಣೆಯಂತೆ ಕಚ್ಚಿದರೆ ಉಕ್ಕು ಮೆದು, ಬಹುಪಾಲು ಜಾರಿದರೆ ಹದ ಸರಿ ಇದೆ. ಆಮೇಲೆ ಮಸೆದ ಬಾಯಿಯನ್ನು ತೆಳುವಾದ ಹಿತ್ತಾಳೆ ಸರಳಿನ ಮೇಲಿಟ್ಟು, ಮಸೆಯುವಷ್ಟೇ ಓರೆಯಲ್ಲಿ ಒತ್ತಿ ನೋಡಿ. ಬಾಯಿ ತುಸು ಬಾಗಿ ಮತ್ತೆ ನೆಟ್ಟಗಾಗಬೇಕು. ಬಾಗಿದ್ದು ಹಾಗೆಯೇ ಉಳಿದರೆ ಮೆದು, ಚಕ್ಕೆ ಎದ್ದರೆ ಪೆಡಸು. ಕಾರ್ಖಾನೆಯವರು ಗಡಸುತನವನ್ನು ರಾಕ್‌ವೆಲ್ ಸಿ ಅಂಕಿಯಲ್ಲಿ ಹೇಳುತ್ತಾರೆ. ಹೊರಗಿನ ಕೆಲಸದ ಚಾಕುವಿಗೆ 56ರಿಂದ 60 ಒಪ್ಪುವಂಥದ್ದು. ಉಕ್ಕಿನ ದರ್ಜೆಯನ್ನೂ ಈ ಅಂಕಿಯನ್ನೂ ಹೇಳದೆ 'ಸ್ಟೇನ್‌ಲೆಸ್ ಸ್ಟೀಲ್' ಎಂದಷ್ಟೇ ಬರೆದ, ಬೆನ್ನಿನ ಮೇಲೆ ಗರಗಸದ ಹಲ್ಲು ಕೊರೆದ, ಟೊಳ್ಳು ಹಿಡಿಯೊಳಗೆ ದಿಕ್ಸೂಚಿ ಇಟ್ಟ ಚಾಕುಗಳನ್ನು ಪರೀಕ್ಷಿಸುವ ಶ್ರಮವೂ ಬೇಡ.

ಸ್ಟೇನ್‌ಲೆಸ್ಸೋ ಕಾರ್ಬನ್ನೋ ಎಂಬ ಪ್ರಶ್ನೆಗೆ ನಮ್ಮ ಸೀಮೆಯ ಮಳೆಗಾಲವೇ ಉತ್ತರ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಬನ್ ಉಕ್ಕನ್ನು ಸಂಜೆ ಒರೆಸದೆ ಇಟ್ಟರೆ ಬೆಳಗ್ಗೆ ತುಕ್ಕು ಕಾಣುತ್ತದೆ. ಮಾವಿನಕಾಯಿಯ ಹುಳಿ, ಬಾಳೆಯ ಸೊನೆ ಅಲಗನ್ನು ಕಪ್ಪು ಮಾಡುತ್ತವೆ, ಆದರೆ ಆ ಕಪ್ಪಿನಿಂದ ಹಾನಿಯಿಲ್ಲ. ಒರೆಸಿ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಿದ್ದರೆ ಕಾರ್ಬನ್ ಕೊಳ್ಳಿ, ಮಸೆಯುವುದು ಸುಲಭ. ಇಲ್ಲದಿದ್ದರೆ ಸ್ಟೇನ್‌ಲೆಸ್. ಒರೆ ಮಾತ್ರ ಯಾವುದಕ್ಕಾದರೂ ಪ್ಲಾಸ್ಟಿಕ್ಕಿನದೇ ಇರಲಿ, ತಳದಲ್ಲಿ ನೀರು ಇಳಿಯುವ ತೂತಿರಲಿ. ಚರ್ಮದ ಒರೆ ಇಲ್ಲಿ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ, ಒಳಗಿನ ಅಲಗನ್ನೂ ಕೆಡಿಸುತ್ತದೆ. ಕಮ್ಮಾರರ ಚಾಕುವಿನ ಮರದ ಹಿಡಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುವುದು ಸಾಮಾನ್ಯ. ಚೆನ್ನಾಗಿ ಒಣಗಿದ ಬೀಟೆ ಅಥವಾ ತೇಗದ ತುಂಡು ಕೊಟ್ಟು, ಹಿಡಿಗೆ ಅಲಗು ಸೇರುವ ತುದಿಯಲ್ಲಿ ಲೋಹದ ಅಣಸು, ಅಂದರೆ ಬಿಗಿ ಬಳೆ, ಹಾಕಿಸಿದರೆ ಆ ತೊಂದರೆ ಬಹಳ ಕಡಿಮೆಯಾಗುತ್ತದೆ.

ಆದ್ದರಿಂದ ನಿಮ್ಮ ಜಾಗದಲ್ಲಿ ನಾನಿದ್ದರೆ 5 ಮಿಲಿಮೀಟರಿನ ವಿದೇಶಿ ಚಾಕುವಿನ ಹಣವನ್ನು ಎರಡು ಪಾಲು ಮಾಡಿ, ಒಂದರಲ್ಲಿ ಸ್ಟೇನ್‌ಲೆಸ್ ಮೋರಾ ಕೊಂಡು, ಇನ್ನೊಂದರಲ್ಲಿ ಒಳ್ಳೆಯ ಕೈಯ ಕಮ್ಮಾರರಿಂದ ಪ್ಲೇಟಿನ ಕತ್ತಿಯೊಂದನ್ನು ಮಾಡಿಸುತ್ತಿದ್ದೆ. ಎರಡನ್ನೂ ಸಂತೆಯಲ್ಲಿ ಯಂತ್ರದ ಚಕ್ರಕ್ಕೆ ಒಡ್ಡಬೇಡಿ; ಕಿಡಿ ಹಾರಿ ಬಾಯಿ ನೀಲಿಯಾದರೆ ಆ ಭಾಗದ ಹದ ಹೋಯಿತೆಂದೇ ಅರ್ಥ, ಅದು ಮತ್ತೆ ಬರುವುದು ಕುಲುಮೆಯಲ್ಲಿ ಮಾತ್ರ. ಚಾಕುವಿಗೆ ನೀರಿನ ಸಾಣೆಕಲ್ಲು ಸಾಕು. ಕತ್ತಿಯ ಬಾಯಿ ದಪ್ಪವಾದಾಗ ಮಾಡಿಕೊಟ್ಟವರ ಬಳಿಗೇ ಒಯ್ದು ತಟ್ಟಿಸಿ, ಹೊಸದಾಗಿ ಹದ ಹಾಕಿಸಿಕೊಳ್ಳಿ.