ಹಸುವಿನ ಜಂತು ಮಾತ್ರೆ, ಅಪ್ಪನ ಕೀಮೋ ಮಾತ್ರೆ

ಪ್ರಶ್ನೆ: ನನ್ನ ತಂದೆಗೆ 62 ವರ್ಷ. ದೊಡ್ಡಕರುಳಿನ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಈಗ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್ಪೂ ಮನೆಯಲ್ಲಿ ಕ್ಯಾಪೆಸಿಟಬಿನ್ ಮಾತ್ರೆಯೂ ನಡೆಯುತ್ತಿವೆ. ಸುಸ್ತಿಗೆಂದು ನಾವೇ ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತಿದ್ದೇವೆ. ಹಸುಗಳಿಗೆ ಜಂತುಹುಳಕ್ಕೆ ಹಾಕುವ ಫೆನ್‌ಬೆಂಡಜೋಲ್ ಕ್ಯಾನ್ಸರನ್ನು ಕರಗಿಸುತ್ತದೆಂದು ನಮ್ಮ ಭಾವ ತಂದಿಟ್ಟಿದ್ದಾರೆ. ವಾಂತಿಗೆ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಓಲಾಂಜಪಿನ್ ಮಾತ್ರ ಮಾನಸಿಕ ಕಾಯಿಲೆಯ ಮಾತ್ರೆಯೆಂದು ತಿಳಿದು ನಿಲ್ಲಿಸಿದ್ದೇವೆ. ಈಗ ಅಂಗಾಲು ಉರಿ, ಬಾಯಿಹುಣ್ಣು ಶುರುವಾಗಿವೆ. ಏನು ಮಾಡಲಿ?
— ಹೆಸರು ಬೇಡ, ಚಿಂತಾಮಣಿ

ಉತ್ತರ: ಮೊದಲು ಫೋಲಿಕ್ ಆಸಿಡ್ ನಿಲ್ಲಿಸಿ, ಇಂದೇ ಆಸ್ಪತ್ರೆಗೆ ತಿಳಿಸಿ. ಕ್ಯಾಪೆಸಿಟಬಿನ್ ದೇಹದೊಳಗೆ 5-ಫ್ಲೋರೋಯುರಾಸಿಲ್ ಎಂಬ ಔಷಧವಾಗಿ ಬದಲಾಗಿ, ಜೀವಕೋಶಗಳು ಡಿಎನ್‌ಎ ಕಟ್ಟಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ. ಫೋಲಿಕ್ ಆಮ್ಲ ಹೆಚ್ಚಿದ್ದರೆ ಆ ಹಿಡಿತ ಇನ್ನಷ್ಟು ಬಿಗಿಯಾಗಿ, ಕರುಳು, ಬಾಯಿ ಮತ್ತು ಚರ್ಮದ ಒಳ್ಳೆಯ ಜೀವಕೋಶಗಳೂ ಪೆಟ್ಟು ತಿನ್ನುತ್ತವೆ. ಅಂಗಾಲು ಉರಿಯೂ ಬಾಯಿಹುಣ್ಣೂ ಕ್ಯಾಪೆಸಿಟಬಿನ್ ಒಂದರಿಂದಲೇ ಬರಬಹುದಾದರೂ, ನೀವು ಕೊಟ್ಟ ಮಾತ್ರೆ ಅವನ್ನು ಹೆಚ್ಚಿಸಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಅದು ಬರೀ ವಿಟಮಿನ್ ತಾನೇ ಎಂದು ವೈದ್ಯರಿಗೆ ಹೇಳದೆ ಬಿಡಬೇಡಿ.

ಓಲಾಂಜಪಿನ್ ಮನೋರೋಗದ ಔಷಧವೆಂಬುದು ನಿಜ. ಒಂದು ಕಾಯಿಲೆಗೆ ಅನುಮತಿ ಪಡೆದ ಔಷಧವನ್ನು ವೈದ್ಯರು ಇನ್ನೊಂದಕ್ಕೆ ಬರೆಯುವುದು ಹೊಸದೇನಲ್ಲ, ಅದು ತಪ್ಪೂ ಅಲ್ಲ. ಕೀಮೋ ವಾಂತಿಗೆ ಇದು ಕೆಲಸ ಮಾಡುತ್ತದೆಂದು ರೋಗಿಗಳ ಮೇಲೆಯೇ ಪರೀಕ್ಷಿಸಿ ನೋಡಲಾಗಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಸಾಕಾಗುತ್ತದೆಯೇ ಎಂದೂ ಪರಿಶೀಲಿಸಿ, ವಾಂತಿ ತಡೆಯುವುದರಲ್ಲಿ ಕಡಿಮೆ ಪ್ರಮಾಣವೂ ಹಿಂದೆ ಬೀಳಲಿಲ್ಲವೆಂದು 2024ರಲ್ಲಿ ಪ್ರಕಟಿಸಿದರು. ಮಂಪರು ಹೆಚ್ಚೆನಿಸಿದರೆ ಪ್ರಮಾಣ ಇಳಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅದನ್ನು ಮತ್ತೆ ಶುರುಮಾಡುವ ಬಗ್ಗೆಯೂ ಅವರೊಡನೆಯೇ ಮಾತನಾಡಿ.

ಫೆನ್‌ಬೆಂಡಜೋಲ್‌ಗೆ ಅಂಥ ಬೆಂಬಲವಿಲ್ಲ. ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ಕ್ಯಾನ್ಸರ್ ಕೋಶಗಳನ್ನು ಕೊಂದಿರುವುದು ಹೌದು, ಆದರೆ ತಟ್ಟೆಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಗಳಿಗೆ ಲೆಕ್ಕವಿಲ್ಲ. ಇದರ ಸುದ್ದಿ ಹಬ್ಬಿದ್ದು, ಫೆನ್‌ಬೆಂಡಜೋಲ್ ನುಂಗಿ ತನ್ನ ಕ್ಯಾನ್ಸರ್ ವಾಸಿಯಾಯಿತೆಂದ ಅಮೆರಿಕದ ಜೋ ಟಿಪ್ಪೆನ್ಸ್ ಎಂಬವರ ಕಥೆಯಿಂದ. ಅವರು ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧದ) ಪ್ರಯೋಗದಲ್ಲಿಯೂ ಇದ್ದರೆಂಬುದು ಫಾರ್ವರ್ಡ್ ಮೆಸೇಜುಗಳಲ್ಲಿ ಬಿಟ್ಟುಹೋಗುತ್ತದೆ. ಇದನ್ನು ತಾವಾಗಿಯೇ ನುಂಗಿ ಯಕೃತ್ತಿಗೆ ಹಾನಿ ಮಾಡಿಕೊಂಡ ರೋಗಿಗಳ ವರದಿಗಳಿವೆ. ಯಕೃತ್ತು ಕೆಟ್ಟರೆ ಮುಂದಿನ ಡ್ರಿಪ್ಪನ್ನು ಮುಂದೂಡಬೇಕಾದೀತು. ನಿಮ್ಮ ಭಾವನವರ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ. ಮಾತ್ರೆ ಕೊಟ್ಟಿಗೆಗೇ ಇರಲಿ.

ನೀವು ಕೇಳದಿದ್ದರೂ ಅರಿಸಿನದ ಬಗ್ಗೆ ಒಂದು ಮಾತು: ಸಾರಿಗೆ ಹಾಕುವ ಅರಿಸಿನದಿಂದ ತೊಂದರೆಯಿಲ್ಲ. ಕಾಳುಮೆಣಸಿನ ಸತ್ವ ಸೇರಿಸಿದ ಅರಿಸಿನ ಕ್ಯಾಪ್ಸೂಲ್ ಬೇರೆ ವಿಷಯ: ಆ ಸತ್ವ ಕೆಲವು ಔಷಧಗಳು ದೇಹದಲ್ಲಿ ಕರಗುವ ವೇಗವನ್ನೇ ಬದಲಿಸುತ್ತದೆ.

ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಮಾತ್ರೆ ಸ್ಟ್ರಿಪ್, ಡಬ್ಬಿ, ಕಷಾಯದ ಪುಡಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ವೈದ್ಯರ ಮೇಜಿನ ಮೇಲೆ ಸುರಿಯಿರಿ. ಅಷ್ಟರೊಳಗೆ ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ, ಊಟ ನುಂಗಲಾಗದಷ್ಟು ಬಾಯಿಹುಣ್ಣಾದರೆ, ಇಲ್ಲವೇ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮುಂದಿನ ಕ್ಯಾಪೆಸಿಟಬಿನ್ ಮಾತ್ರೆ ಕೊಡುವ ಮೊದಲು, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಿ.