ಕಾರ್ಖಾನೆಯಲ್ಲಿ ಜೋಡಿಸಿದ ಫ್ರೇಮ್ ಕಾರಿಡಾರ್‌ಗೆ ಹೊಂದುತ್ತದೆ, ಆದರೆ ಮೊದಲು ಬೀಮ್ ಅಳೆಯಿರಿ

ಆರು ಮಹಡಿ ಆಸ್ಪತ್ರೆಯ ಕಾರಿಡಾರ್ ಸೀಲಿಂಗ್ ಮೇಲಿನ ಡಕ್ಟ್ (ಗಾಳಿ ಸಾಗುವ ಕೊಳವೆ), ಪೈಪ್, ಕೇಬಲ್ ಟ್ರೇಗಳನ್ನು ಕಾರ್ಖಾನೆಯಲ್ಲೇ ಒಂದು ಫ್ರೇಮಿಗೆ ಜೋಡಿಸಿ ತರಿಸಬಹುದಾ ಅಂತ ಕೇಳಿದ್ದೀರಿ. ತರಿಸಬಹುದು ಸರ್. ಪ್ರತಿ ಮಹಡಿಯಲ್ಲೂ ಕಾರಿಡಾರ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಅಲ್ವಾ? ಅಮೆರಿಕದ ಓಹಾಯೋ ರಾಜ್ಯದ ಮಿಯಾಮಿ ವ್ಯಾಲಿ ಆಸ್ಪತ್ರೆಯಲ್ಲಿ 2010ರ ಹೊತ್ತಿಗೇ ಹೀಗೆ ಮಾಡಿದ್ದರು. ರೋಗಿಗಳ ಬಾತ್‌ರೂಮ್ ಕೂಡ ಹೊರಗೇ ತಯಾರಾಗಿ ಬಂದಿತ್ತು.

ಕಷ್ಟ ಇರುವುದು ಡ್ರಾಯಿಂಗಿನಲ್ಲಿ. ಕಾರ್ಖಾನೆಯಲ್ಲಿ ಫ್ರೇಮ್ ತಯಾರಿ ಶುರುವಾದ ಮೇಲೆ ಡಾಕ್ಟರು ಬಂದು "ಈ ಗೋಡೆ ಸ್ವಲ್ಪ ಸರಿಸಿ" ಅಂದರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ. ಫ್ರೇಮ್ ಬೀಮಿನ ಕೆಳಗೇ ಹಾದುಹೋಗಬೇಕು, ಹಾಗಾಗಿ ಬೀಮಿನ ತಳವನ್ನಂತೂ ಸೈಟಿನಲ್ಲೇ ಅಳೆಯಿರಿ, ಡ್ರಾಯಿಂಗ್ ನಂಬಬೇಡಿ. ನಮ್ಮದೊಂದು ಕೆಲಸದಲ್ಲಿ ಬೀಮ್ ಡ್ರಾಯಿಂಗಿನಲ್ಲಿದ್ದದ್ದಕ್ಕಿಂತ 40 ಮಿ.ಮೀ. ಕೆಳಗಿತ್ತು. ಇಡೀ ಮಹಡಿಯ ಸಪೋರ್ಟ್‌ಗಳನ್ನು ಮತ್ತೆ ಕತ್ತರಿಸಿ ಕೂರಿಸಿದೆವು.

ಲಾರಿಯ ಅಗಲ 2.6 ಮೀಟರ್ ದಾಟುವಂತಿಲ್ಲ, ಅದರೊಳಗೇ ಫ್ರೇಮ್ ಇರಲಿ. ಉದ್ದ 6 ಮೀಟರ್ ಸಾಕು. ಒಳಗೆ ತರಲು ಪ್ರತಿ ಮಹಡಿಯಲ್ಲೂ ಒಂದು ಕಡೆ ಗೋಡೆ ಕಟ್ಟದೆ ಬಿಡಿ, ಇದನ್ನು ಮರೆಯುವವರೇ ಜಾಸ್ತಿ.

ಕಾರ್ಖಾನೆಯಲ್ಲಿ ಪ್ರೆಶರ್ ಟೆಸ್ಟ್ (ಪೈಪಿಗೆ ಒತ್ತಡ ಕೊಟ್ಟು ಸೋರುತ್ತದಾ ಅಂತ ನೋಡುವುದು) ಆಗಿದೆ ಅಂತ ಸುಮ್ನಿರಬೇಡಿ. ಸೋರುವುದು ಎರಡು ಫ್ರೇಮ್ ಸೇರುವ ಜಾಯಿಂಟಿನಲ್ಲೇ. ಸೀಲಿಂಗ್ ಮುಚ್ಚುವ ಮೊದಲು ಇನ್ನೊಮ್ಮೆ ಮಾಡಿಸಿ.