ಮೂರು ಅಕ್ಷರ ಬರೆದರೆ ಸಮತಲಕ್ಕೆ ಹೆಸರಾಯಿತೇ?

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಿರುಪರೀಕ್ಷೆಯಲ್ಲಿ ಒಂದು ಚಿತ್ರ ಕೊಟ್ಟು ‘ಸಮತಲವನ್ನು ಹೆಸರಿಸಿ’ ಎಂದು ಕೇಳಿದ್ದರು. ಓರೆಯಾಗಿ ಎಳೆದ ಸಮಾಂತರ ಚತುರ್ಭುಜ, ಅದರೊಳಗೊಂದು ಸರಳರೇಖೆ, ರೇಖೆಯ ಮೇಲೆ ಎ, ಬಿ, ಸಿ ಬಿಂದುಗಳು, ರೇಖೆಯಿಂದಾಚೆ ಡಿ, ಮೂಲೆಯಲ್ಲಿ ಪಿ ಎಂಬ ಅಕ್ಷರ. ಮಗಳು ‘ಸಮತಲ ಎಬಿಸಿ’ ಎಂದು ಬರೆದಳು, ಅಂಕ ಬರಲಿಲ್ಲ. ಅವಳ ಗೆಳತಿ ‘ಸಮತಲ ಡಿಎಬಿ’ ಎಂದು ಬರೆದಿದ್ದಳು. ಉತ್ತರಸೂಚಿಯಲ್ಲಿ ‘ಎಬಿಡಿ’ ಎಂದಿದೆಯೆಂದು ಅವಳಿಗೂ ಅಂಕ ಕೊಡಲಿಲ್ಲ. ಇದು ಸರಿಯೇ?
– ಒಬ್ಬ ತಾಯಿ, ಮಂಡ್ಯ

ಉತ್ತರ: ತಾಯಿ, ನಿಮ್ಮ ಮಗಳಿಗೆ ತಪ್ಪು ಹಾಕಿದ್ದು ಸರಿ. ಗೆಳತಿಗೆ ಹಾಕಿದ್ದು ಸರಿಯಲ್ಲ.

ಮೊದಲು ಮಗಳ ಉತ್ತರ ನೋಡೋಣ. ನಿಮ್ಮ ಮನೆಯ ಬಾಗಿಲನ್ನು ತೆರೆದು ಮುಚ್ಚಲು ಅವಳಿಗೆ ಹೇಳಿ. ಮೇಲಿನ ಕೀಲು, ಕೆಳಗಿನ ಕೀಲು ಇದ್ದಲ್ಲೇ ಇರುತ್ತವೆ, ಬಾಗಿಲು ಮಾತ್ರ ಬೇಕಾದ ಕಡೆಗೆ ತಿರುಗುತ್ತದೆ. ಅವೆರಡರ ನಡುವೆ, ಅದೇ ನೇರದಲ್ಲಿ, ಮೂರನೆಯ ಕೀಲು ಜಡಿದರೂ ಬಾಗಿಲು ನಿಲ್ಲುವುದಿಲ್ಲ. ಆದರೆ ಆಚೆ ಅಂಚಿನಲ್ಲಿ ಚಿಲಕ ಹಾಕಿದ ಕೂಡಲೇ ಅಲುಗಾಡದೆ ನಿಂತುಬಿಡುತ್ತದೆ. ಎ, ಬಿ, ಸಿ ಒಂದೇ ರೇಖೆಯ ಮೇಲಿರುವ ಕೀಲುಗಳು. ಅವುಗಳ ಮೂಲಕ ಲೆಕ್ಕವಿಲ್ಲದಷ್ಟು ಸಮತಲಗಳು ಹಾದುಹೋಗುತ್ತವೆ. ‘ಸಮತಲ ಎಬಿಸಿ’ ಎಂದರೆ ಅವುಗಳಲ್ಲಿ ಯಾವುದು ಎಂದು ಯಾರೂ ಹೇಳಲಾರರು. ಡಿ ಸೇರಿದರೆ ಮಾತ್ರ ಒಂದೇ ಒಂದು ಸಮತಲ ಉಳಿಯುತ್ತದೆ. ಪಾಠದಲ್ಲಿ ‘ಒಂದೇ ಸರಳರೇಖೆಯ ಮೇಲಿಲ್ಲದ ಮೂರು ಬಿಂದುಗಳು’ ಎಂದು ಬರುತ್ತದಲ್ಲ, ಮಕ್ಕಳ ನೆನಪಿನಲ್ಲಿ ‘ಮೂರು ಬಿಂದುಗಳು’ ಉಳಿದು ಮೊದಲ ಮಾತು ಜಾರಿಹೋಗುತ್ತದೆ. ಜೀವವೆಲ್ಲ ಇರುವುದು ಆ ಮೊದಲ ಮಾತಿನಲ್ಲಿ. 1899ರಲ್ಲಿ ಜರ್ಮನಿಯ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ರೇಖಾಗಣಿತದ ತಳಹದಿಯನ್ನು ಹೊಸದಾಗಿ ಕಟ್ಟಿದಾಗ ಇದನ್ನೂ ಸ್ವಯಂಸಿದ್ಧಗಳ, ಅಂದರೆ ಸಾಧನೆ ಕೇಳದೆ ಒಪ್ಪಿಕೊಳ್ಳುವ ಮಾತುಗಳ, ಸಾಲಿನಲ್ಲಿಯೇ ಇಟ್ಟರು.

ಇನ್ನು ಗೆಳತಿಯ ಉತ್ತರ. ಸಮತಲದ ಹೆಸರಿನಲ್ಲಿ ಅಕ್ಷರಗಳ ಕ್ರಮಕ್ಕೆ ಬೆಲೆಯಿಲ್ಲ. ಎಬಿಡಿ, ಡಿಎಬಿ, ಬಿಡಿಎ ಎಲ್ಲವೂ ಅದೇ ಸಮತಲ. ಕೋನ ಬರೆಯುವಾಗ ಶೃಂಗದ ಅಕ್ಷರ ನಡುವೆಯೇ ಬರಬೇಕು, ಸರ್ವಸಮ ತ್ರಿಭುಜಗಳನ್ನು ಬರೆಯುವಾಗ ಅನುರೂಪ ಶೃಂಗಗಳು ಅದೇ ಕ್ರಮದಲ್ಲಿ ಬರಬೇಕು. ಆ ಕಟ್ಟುನಿಟ್ಟು ಇಲ್ಲಿಗೆ ಅನ್ವಯಿಸುವುದಿಲ್ಲ. ನಿಮ್ಮ ಚಿತ್ರದಲ್ಲಿ ಎಬಿಡಿ, ಎಸಿಡಿ, ಬಿಸಿಡಿ ಎಂದು ಮೂರು ಗುಂಪುಗಳನ್ನು ಆರಿಸಬಹುದು. ಪ್ರತಿಯೊಂದನ್ನೂ 6 ರೀತಿಯಲ್ಲಿ ಬರೆಯಬಹುದು, ಒಟ್ಟು 18. ಮೂಲೆಯಲ್ಲಿರುವ ಪಿ ಸೇರಿದರೆ 19 ಸರಿಯುತ್ತರಗಳು. ಸೂಚಿಯಲ್ಲಿ ಒಂದನ್ನೇ ಅಚ್ಚು ಹಾಕಿದ ಮಾತ್ರಕ್ಕೆ ಉಳಿದ 18 ತಪ್ಪಾಗುವುದಿಲ್ಲ. ಸರಿಯಾಗಿ ಯೋಚಿಸಿದ ಹುಡುಗಿಗೆ ಸೊನ್ನೆ ಕೊಟ್ಟರೆ ಅವಳು ಮುಂದೆ ಯೋಚಿಸುವುದನ್ನು ಬಿಟ್ಟು ಸೂಚಿಯನ್ನು ಬಾಯಿಪಾಠ ಮಾಡುತ್ತಾಳೆ. ಮೈಸೂರಿನಲ್ಲಿ ಸಂಜೆ ನಮ್ಮ ಜಗಲಿಗೆ ಲೆಕ್ಕ ಕೇಳಲು ಬರುವ ಮಕ್ಕಳಲ್ಲಿ ಇದನ್ನು ಕಾಣುತ್ತಲೇ ಇದ್ದೇನೆ, ಸಂಕಟವಾಗುತ್ತದೆ.

ಆ ಪಿ ಅಕ್ಷರದ ಪಕ್ಕದಲ್ಲಿ ಚುಕ್ಕೆ ಇದೆಯೇ, ನೋಡಿ. ಇರುವುದಿಲ್ಲ. ಎ, ಬಿ, ಸಿ, ಡಿಗಳಿಗೆ ಚುಕ್ಕೆ ಇದೆ, ಏಕೆಂದರೆ ಅವು ಬಿಂದುಗಳು. ಚುಕ್ಕೆಯಿಲ್ಲದೆ ಮೂಲೆಯಲ್ಲಿ ಕುಳಿತ ಅಕ್ಷರ ಇಡೀ ಸಮತಲದ ಹೆಸರು. ಇದನ್ನು ಗಮನಿಸದೆ ‘ಸಮತಲ ಪಿಎಬಿ’ ಎಂದು ಬರೆಯುವವರೂ ಇದ್ದಾರೆ. ಅದು ತಪ್ಪು. ಹಾಗೆಯೇ ಸಮಾಂತರ ಚತುರ್ಭುಜದ ಅಂಚು ಕಾಗದದ ಅನುಕೂಲಕ್ಕಷ್ಟೆ, ಸಮತಲಕ್ಕೆ ಎಲ್ಲೆಯಿಲ್ಲ.

ನಾಲ್ಕು ಅಕ್ಷರ ಬರೆಯಬಹುದೇ ಎಂದು ಮಗಳು ಮುಂದೆ ಕೇಳಿಯೇ ಕೇಳುತ್ತಾಳೆ. ಸೋಪಿನ ಒಂದು ಖಾಲಿ ಪೆಟ್ಟಿಗೆ ಕೊಡಿ. ತಳದ ಮೂಲೆಗಳಿಗೆ ಸುತ್ತಲೂ ಎ, ಬಿ, ಸಿ, ಡಿ ಎಂದು ಬರೆಯಲಿ. ಅವುಗಳ ನೇರ ಮೇಲಿನ ಮೂಲೆಗಳಿಗೆ ಅದೇ ಕ್ರಮದಲ್ಲಿ ಇ, ಎಫ್, ಜಿ, ಎಚ್. ತಳವನ್ನು ‘ಸಮತಲ ಎಬಿಸಿಡಿ’ ಎನ್ನಬಹುದು, ನಾಲ್ಕೂ ಮೂಲೆಗಳು ಅಲ್ಲೇ ಇವೆ. ‘ಎಬಿಸಿಜಿ’ ಎಂದರೆ ಯಾವ ಸಮತಲವೂ ಇಲ್ಲ, ಏಕೆಂದರೆ ಜಿ ತಳದಿಂದ ಮೇಲೆದ್ದು ನಿಂತಿದೆ. ಈಗ ಎ, ಬಿ, ಜಿ ಮೂರನ್ನೇ ತೆಗೆದುಕೊಳ್ಳಲಿ. ಅಲ್ಲಿ ರಟ್ಟಿನ ಮುಖವಿಲ್ಲವೆಂದು ಮಕ್ಕಳು ‘ಸಮತಲವೇ ಇಲ್ಲ’ ಎಂದುಬಿಡುತ್ತಾರೆ. ಇದೆ. ಪೆಟ್ಟಿಗೆಯನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತದೆ, ಎಚ್ ಮೂಲೆಯನ್ನೂ ಹಾಯುತ್ತದೆ. ನಂಬಿಕೆ ಬಾರದಿದ್ದರೆ ಎಬಿಯಿಂದ ಜಿಎಚ್‌ವರೆಗೆ ಒಂದು ಅಂಚೆ ಕಾರ್ಡನ್ನು ಅಳತೆಗೆ ಕತ್ತರಿಸಿ ಒಳಗಿಡಲಿ, ಎಲ್ಲೂ ಬಾಗದೆ ಕೂರುತ್ತದೆ. ಆಯತಘನದ ಯಾವ ಮೂರು ಮೂಲೆಗಳೂ ಒಂದೇ ರೇಖೆಯಲ್ಲಿ ಬರುವುದಿಲ್ಲವಾದ್ದರಿಂದ, ಇಲ್ಲಿ ಯಾವ ಮೂರನ್ನು ಹಿಡಿದರೂ ಒಂದು ಸಮತಲದ ಹೆಸರು ಸಿಕ್ಕೇ ಸಿಗುತ್ತದೆ.

ಗೆಳತಿಯ ತಂದೆತಾಯಿಯರಿಗೆ ಉತ್ತರಪತ್ರಿಕೆ ಹಿಡಿದು ಶಾಲೆಗೆ ಹೋಗಲು ಹೇಳಿ. ಜಗಳ ಬೇಡ, ‘ಡಿಎಬಿ, ಎಬಿಡಿ ಬೇರೆ ಬೇರೆ ಸಮತಲಗಳೇ, ಮೇಷ್ಟ್ರೇ?’ ಎಂದು ಕೇಳಿದರೆ ಸಾಕು.